ಊರು ಅಡ್ಡಹೆಸರಾಗುವ ಬಗೆ

2023ರ ವಿಧಾನಸಭೆ ಚುನಾವಣೆಯಲ್ಲಿ ಯಾದಗಿರಿ ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ಗೆದ್ದವರ ಪೈಕಿ ಮೂವರ ಹೆಸರಿನ ಕೊನೆಗೆ ಒಂದೊಂದು ಹಳ್ಳಿ ಇತ್ತು. ಶಹಾಪುರದಿಂದ ಶರಣಬಸಪ್ಪಗೌಡ ದರ್ಶನಾಪುರ, ಯಾದಗಿರಿಯಿಂದ ಚೆನ್ನಾರೆಡ್ಡಿ ಪಾಟೀಲ ತುನ್ನೂರ, ಗುರುಮಠಕಲ್‌ನಿಂದ ಶರಣಗೌಡ ಕಂದಕೂರ. ನಾಲ್ಕನೆಯವರು ಸುರಪುರದ ರಾಜಾ ವೆಂಕಟಪ್ಪ ನಾಯಕ. ಅವರ ಹೆಸರಿನಲ್ಲಿರುವುದು ಸಂಸ್ಥಾನದ ಮನೆತನ.

ಈ ಊರುಗಳಿರುವ ಸಗರನಾಡಿನಲ್ಲಿ ‘ನಿಮ್ಮ ಅಡ್ಡಹೆಸರು ಏನ್ರಿ?’ ಎಂದು ಕೇಳಿದರೆ ಹೆಚ್ಚಾಗಿ ಎರಡು ಬಗೆಯ ಉತ್ತರ ಬರುತ್ತದೆ. ಒಂದು, ಹಿರಿಯರು ಮಾಡುತ್ತಿದ್ದ ಕೆಲಸ: ಊರಿನ ಬಂದೋಬಸ್ತು ನೋಡುವವರು ಪೊಲೀಸ್‌ಪಾಟೀಲ, ಕಂದಾಯ ವಸೂಲಿಯವರು ಮಾಲಿಪಾಟೀಲ, ಲೆಕ್ಕ ಬರೆಯುವವರು ಕುಲಕರ್ಣಿ, ಹಾಗೆಯೇ ತಳವಾರ, ವಾಲೀಕಾರ, ಹೂಗಾರ, ಬಡಿಗೇರ. ಇನ್ನೊಂದು, ಹಿರಿಯರ ಊರು.

ಊರಿನ ಹೆಸರು ಊರೊಳಗಿದ್ದಾಗ ಅಂಟುವುದಿಲ್ಲ. ತುನ್ನೂರಿನಲ್ಲಿ ನಿಂತು ಒಬ್ಬರನ್ನು ‘ತುನ್ನೂರ’ ಎಂದು ಕರೆದರೆ ಯಾರೂ ತಿರುಗಿ ನೋಡಲಾರರು, ಅಲ್ಲಿ ಎಲ್ಲರೂ ತುನ್ನೂರಿನವರೇ. ಅದೇ ಮನುಷ್ಯ ಯಾದಗಿರಿಯ ಅಡತಿ ಅಂಗಡಿಗೋ ಕಚೇರಿಗೋ ಬಂದಾಗ, ಅಲ್ಲಿ ಹತ್ತಾರು ಮಂದಿ ಪಾಟೀಲರಿರುವಾಗ, ‘ಯಾವ ಪಾಟೀಲ?’ ಎಂಬ ಪ್ರಶ್ನೆ ಏಳುತ್ತದೆ. ಉತ್ತರವಾಗಿ ಹೇಳಿದ ಊರು ಖಾತೆ ಪುಸ್ತಕ ಸೇರುತ್ತದೆ, ಮುಂದೆ ಮಕ್ಕಳ ಶಾಲೆಯ ದಾಖಲೆ ಸೇರುತ್ತದೆ. ಶಹಾಪುರದ ಮಾಜಿ ಶಾಸಕ ಗುರು ಪಾಟೀಲ ಶಿರವಾಳ ಅವರ ಹೆಸರಿನಲ್ಲೂ ಕೆಲಸದ ಬೆನ್ನಿಗೆ ಊರು ನಿಂತಿರುವುದು ಹೀಗೆಯೇ. ಇಂಥ ಅಡ್ಡಹೆಸರನ್ನು ಮೊದಲು ಇಡುವವರು ಪರಊರಿನವರು. ಮನೆಯವರು ಅದನ್ನು ಒಪ್ಪಿಕೊಳ್ಳುವುದು ಆಮೇಲೆ.

ಊರು ‘ಕಂದಕೂರು’, ಅಡ್ಡಹೆಸರು ‘ಕಂದಕೂರ’. ಈ ಕೊನೆಯ ‘ಅ’ ಸುಮ್ಮನೆ ಬಂದದ್ದಲ್ಲ. ‘ಊರ ಗೌಡ’, ‘ಊರ ಬಾವಿ’ ಎನ್ನುವಾಗ ಬರುವ ಷಷ್ಠಿಯ ‘ಅ’ ಅದು. ಕಂದಕೂರಿಗೆ ಸೇರಿದವರು ಎಂದು ಅರ್ಥ. ದರ್ಶನಾಪುರ, ಮುದ್ನಾಳ, ಶಿರವಾಳದಂಥ ಹೆಸರುಗಳು ಮೊದಲೇ ‘ಅ’ಕಾರದಲ್ಲಿ ಮುಗಿಯುವುದರಿಂದ ಅಲ್ಲಿ ವ್ಯತ್ಯಾಸ ಕಾಣಿಸದು. ಹೀಗಿರುವಾಗ ‘ಕಂದಕೂರ’ವನ್ನು ಅಚ್ಚಿನ ದೋಷವೆಂದು ಬಗೆದು ‘ಕಂದಕೂರು’ ಎಂದು ತಿದ್ದಬಾರದು. ತಿದ್ದಿದರೆ ಮನುಷ್ಯನ ಹೆಸರು ಹೋಗಿ ಬರೀ ಊರು ಉಳಿಯುತ್ತದೆ.

ಊರಿನ ಜೊತೆಗಿದ್ದ ಅಕ್ಷರವೂ ಈ ದಾರಿಯಲ್ಲಿ ಉದುರುತ್ತದೆ. ಹಯ್ಯಾಳ (ಬಿ) ಎಂಬಲ್ಲಿನ ‘ಬಿ’ ಬುಜುರ್ಗ, ಅಂದರೆ ಹಿರಿದು. ಬೇರೆ ಊರುಗಳ ಹೆಸರಿನ ಹಿಂದಿರುವ ‘ಕೆ’ ಖುರ್ದ, ಅಂದರೆ ಕಿರಿದು. ಪಾರ್ಸಿ ಆಡಳಿತ ಭಾಷೆಯಾಗಿದ್ದ ಕಾಲದ ಗುರುತುಗಳಿವು. ಕಂದಾಯ ದಾಖಲೆಗೆ ಇವು ಬೇಕೇ ಬೇಕು, ಅಡ್ಡಹೆಸರಿಗೆ ಬೇಡ.

ಊರನ್ನು ಹೆಸರಿನ ಹಿಂದೆ ಹಚ್ಚುವುದು ಈಗಿನ ರೂಢಿ. ಹಿಂದಿನವರು ಮುಂದೆ ಇಡುತ್ತಿದ್ದರು: ಕೆಂಭಾವಿಯ ಭೋಗಣ್ಣ, ಕೊಡೇಕಲ್ ಬಸವಣ್ಣ, ತಿಂಥಣಿ ಮೌನೇಶ್ವರ. ಮೂರೂ ಇದೇ ನೆಲದ ಊರುಗಳು, ಇಂದಿಗೂ ಆ ಶರಣರ ಹೆಸರಿನಿಂದಲೇ ನಾಡಿಗೆ ಗೊತ್ತು. ಮೈಸೂರು ಕಡೆಯವರು ಈ ಹಳೆಯ ಕ್ರಮವನ್ನೇ ಉಳಿಸಿಕೊಂಡು ಊರನ್ನು ಒಂದಕ್ಷರಕ್ಕೆ ಇಳಿಸಿದರು, ಕೆ.ವಿ. ಪುಟ್ಟಪ್ಪನವರ ‘ಕೆ’ ಕುಪ್ಪಳಿ. ತೆಲುಗರೂ ಮನೆತನದ ಹೆಸರನ್ನು ಮುಂದಿಡುತ್ತಾರೆ. ಮರಾಠಿಯಲ್ಲಿ ಊರಿಗೆ ‘ಕರ’ ಸೇರಿ ಹಿಂದೆ ಬರುತ್ತದೆ. ಗೋವೆಯ ಮಂಗೇಶಿಯಿಂದ ಮಂಗೇಶಕರ. ಉರ್ದುವಿನಲ್ಲಿ ‘ಈ’ ಸಾಕು, ಹೈದರಾಬಾದಿ ಎಂಬಂತೆ. ನಿಜಾಮರ ಆಳ್ವಿಕೆಯಲ್ಲಿ ಮರಾಠಿ, ತೆಲುಗು, ಉರ್ದುಗಳೊಡನೆ ಒಂದೇ ರಾಜ್ಯದಲ್ಲಿದ್ದ ಸಗರನಾಡು, ‘ಕರ’ವನ್ನೂ ‘ಈ’ಯನ್ನೂ ಬಿಟ್ಟು ತನ್ನದೇ ವಿಭಕ್ತಿಯಿಂದ ಅಡ್ಡಹೆಸರು ಕಟ್ಟಿಕೊಂಡಿತು. ಇದು ನನಗೆ ಬಹಳ ಪ್ರಿಯವಾದ ಸಂಗತಿ.

ಇಂಗ್ಲಿಷರ ಅಡ್ಡಹೆಸರುಗಳ ಬೇರೂ ಬೇರೆಯಲ್ಲ. ಇಂಗ್ಲೆಂಡಿನ ಡರಂ ಸೀಮೆಯ ವಾಷಿಂಗ್ಟನ್ ಎಂಬ ಊರನ್ನು ಒಂದು ಮನೆತನ ಹೆಸರಾಗಿ ಪಡೆಯಿತು. ಆ ಮನೆತನದ ಜಾರ್ಜ್ ವಾಷಿಂಗ್ಟನ್ ಮೂಲಕ ಅದು ಅಮೆರಿಕದ ರಾಜಧಾನಿಯಾಗಿ ಮತ್ತೆ ಊರಾಯಿತು. ಸುರಪುರದಲ್ಲೂ ಇಂಥದೊಂದು ಪಯಣ ನಡೆದಿದೆ. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಇಲ್ಲಿಗೆ ಬಂದ ಫಿಲಿಪ್ ಮೆಡೋಸ್ ಟೇಲರ್ ಅವರ ಹೆಸರಿನಲ್ಲಿ ‘ಮೆಡೋಸ್’ ಹುಲ್ಲುಗಾವಲು, ‘ಟೇಲರ್’ ಬಟ್ಟೆ ಹೊಲಿಯುವ ಕಸುಬು. ಅವರು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್. ಇಂಗ್ಲೆಂಡಿನ ಯಾವುದೋ ದರ್ಜಿಯ ಕಸುಬು ಮನೆತನವಾಗಿ, ಆಮೇಲೆ ಸುರಪುರದ ಗುಡ್ಡದ ಮೇಲೊಂದು ಸ್ಥಳನಾಮವಾಯಿತು.

ಈಗ ಕಾಗದಪತ್ರದ ಮಾತು. ಪಾಸ್‌ಪೋರ್ಟಿನಲ್ಲಿ ಹೆಸರಿಗೂ ಅಡ್ಡಹೆಸರಿಗೂ ಬೇರೆ ಬೇರೆ ಖಾನೆ ಇದೆ. ಆಧಾರ್‌ನಲ್ಲಿ ಒಂದೇ ಸಾಲು. ಒಬ್ಬ ಮಗನ ಅಂಕಪಟ್ಟಿಯಲ್ಲಿ ಊರಿದ್ದು ಇನ್ನೊಬ್ಬನದರಲ್ಲಿ ಇಲ್ಲದಿದ್ದರೆ, ಅಥವಾ ಇಂಗ್ಲಿಷ್ ಅಕ್ಷರಗಳು ಒಂದೊಂದು ಕಡೆ ಒಂದೊಂದು ಥರ ಇದ್ದರೆ, ಅಣ್ಣತಮ್ಮಂದಿರೇ ಬೇರೆ ಮನೆಯವರಂತೆ ಕಾಣುತ್ತಾರೆ. ಆದ್ದರಿಂದ ಮಗುವನ್ನು ಶಾಲೆಗೆ ಸೇರಿಸುವಾಗಲೇ ಊರು ಬೇಕೋ ಬೇಡವೋ ತೀರ್ಮಾನಿಸಿ, ಅಕ್ಷರ ಗೊತ್ತುಮಾಡಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬಂದಂತೆಯೇ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಬರೆಸುವುದು ಒಳ್ಳೆಯದು. ಹೆಸರಿನಲ್ಲಿ ಊರಿದ್ದ ಮಾತ್ರಕ್ಕೆ, ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಕೊಡುವ 371(ಜೆ) ಪ್ರಮಾಣಪತ್ರ ಸಿಗುವುದಿಲ್ಲ. ಅದಕ್ಕೆ ದಾಖಲೆಗಳೇ ಬೇಕು. ಆ ದಾಖಲೆಗಳಲ್ಲಿ ತಂದೆಯ ಹೆಸರೂ ಮಕ್ಕಳ ಹೆಸರೂ ಒಂದಕ್ಕೊಂದು ತಾಳೆಯಾಗುವಂತಿರಲಿ.