ಹಗ್ಗ ಹಿಡಿಯುವ ಕೈಗಳು ಊರಲ್ಲೇ ಇವೆ

ಮಳೆಗಾಲ ಕಳೆಯುತ್ತಿದ್ದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜಲಪಾತಗಳತ್ತ ಜನ ಹೊರಡುತ್ತಾರೆ. ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿದರೆ, ಬೇಡ್ತಿ ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಬೀಳುತ್ತದೆ. ನೋಟ ಕಣ್ಣಿಗೆ ಹಬ್ಬ. ಪಾಚಿಗಟ್ಟಿದ ಬಂಡೆ ಕಾಲಿಗೆ ಯಮ. 2023ರ ಡಿಸೆಂಬರ್‌ನಲ್ಲಿ ಶಿರಸಿ ಸಮೀಪದ ಭೂತನಗುಂಡಿಯಲ್ಲಿ ಒಂದೇ ದಿನ ಐವರು ಶಾಲ್ಮಲಾ ನದಿಯ ಪಾಲಾದರು.

ಉಸಿರು ನಿಂತ ನಾಲ್ಕೈದು ನಿಮಿಷಗಳಲ್ಲೇ ಆಮ್ಲಜನಕವಿಲ್ಲದೆ ಮಿದುಳು ಹಾನಿಗೊಳ್ಳತೊಡಗುತ್ತದೆ. ತಾಲ್ಲೂಕು ಕೇಂದ್ರದಿಂದ ಹೊರಟ ಅಗ್ನಿಶಾಮಕ ದಳ ಕಾಡುದಾರಿ ದಾಟಿ ಕಣಿವೆಗಿಳಿಯುವಷ್ಟರಲ್ಲಿ ಉಳಿಸುವ ಹೊತ್ತು ಮೀರಿ, ಹುಡುಕುವ ಕೆಲಸವಷ್ಟೇ ಉಳಿದಿರುತ್ತದೆ. ಮೊದಲು ಓಡಿಬರುವವರು ಹತ್ತಿರದ ತೋಟ, ಗದ್ದೆಗಳಲ್ಲಿ ಇರುವವರೇ.

ಆದರೆ ಧೈರ್ಯವೊಂದೇ ಸಾಲದು. ಜಲಪಾತದ ಬುಡದ ನೊರೆಯಲ್ಲಿ ಗಾಳಿ ಬೆರೆತು ನೀರಿನ ಸಾಂದ್ರತೆ ತಗ್ಗಿರುತ್ತದೆ; ಅದು ಮೈಯನ್ನು ಸರಿಯಾಗಿ ತೇಲಿಸಲಾರದು. ಕೆರೆಯಲ್ಲಿ ಈಜು ಕಲಿತವನೂ ಅಲ್ಲಿ ಸೋಲುತ್ತಾನೆ. ಒಬ್ಬನನ್ನು ಉಳಿಸಲು ಹಾರಿದ ಇನ್ನೊಬ್ಬನೂ ಮುಳುಗುವುದು ಹೀಗೆಯೇ.

ಇದೇ ಬೇಡ್ತಿ ಕೆಳಗೆ ಗಂಗಾವಳಿಯಾಗಿ ಅಂಕೋಲಾ ತಾಲ್ಲೂಕಿನ ಶಿರೂರನ್ನು ಹಾಯುತ್ತದೆ. ಅಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ, ಮಲ್ಪೆಯ ಮುಳುಗುತಜ್ಞ ಈಶ್ವರ ಮಲ್ಪೆ ತಂಡದೊಂದಿಗೆ ಬಂದು ಕೆಂಪು ಪ್ರವಾಹಕ್ಕೆ ಇಳಿದರು. ಸ್ವಯಂಸೇವಕರ ಬಲ ಏನೆಂಬುದನ್ನು ನಾಡು ಕಂಡಿತು. ಆದರೆ ಮಲ್ಪೆಯಿಂದ ಬರುವವರೆಗೆ ಕಾಯಲಾಗದ ಕ್ಷಣಗಳೂ ಇವೆ.

ಬ್ರಿಟನ್ನಿನಲ್ಲಿ 1824ರಲ್ಲಿ ಹುಟ್ಟಿದ ಜೀವರಕ್ಷಕ ದೋಣಿ ಸಂಸ್ಥೆಯ ಗುಟ್ಟು ಸರಳ: ದೋಣಿ, ತರಬೇತಿ ಸಂಸ್ಥೆಯದು, ದೋಣಿ ಹತ್ತುವವರಲ್ಲಿ ಹೆಚ್ಚಿನವರು ಆ ಊರಿನ ಸ್ವಯಂಸೇವಕರು. ನಮ್ಮ ಘಟ್ಟದಲ್ಲೂ ಇದು ಅಸಾಧ್ಯವೇನಲ್ಲ. ಅಡಿಕೆ ಮರದ ತುದಿಯಿಂದ ಕೊನೆಯನ್ನು ಹಗ್ಗದಲ್ಲಿ ಜಾರಿಬಿಡುವ ಕೊನೆಗೌಡ, ಕೆಳಗೆ ಹಗ್ಗ ಬಿಗಿಹಿಡಿಯುವ ಜೊತೆಗಾರ – ಎತ್ತರದ ಅಂಜಿಕೆಯಿಲ್ಲದ ಇಂಥ ಕೈಗಳು ಪ್ರತಿ ಹಳ್ಳಿಯಲ್ಲಿವೆ.

ಬೇಕಾದದ್ದು ಹೆಚ್ಚೇನಲ್ಲ. ಜಲಪಾತದ ಬಳಿ ಗಟ್ಟಿ ಹಗ್ಗ, ಗಾಳಿ ತುಂಬಿದ ಟ್ಯೂಬು, ಲೈಫ್ ಜಾಕೆಟ್, ಸ್ಟ್ರೆಚರ್. ಕರೆದರೆ ಬರುವ ಹತ್ತು ಜನರ ಪಟ್ಟಿ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆಂಬ ಫಲಕ. ಕೃತಕ ಉಸಿರಾಟ, ಎದೆಯೊತ್ತುವ ಕ್ರಮದ ಕಲಿಕೆ. ವರ್ಷಕ್ಕೊಮ್ಮೆ ಅಗ್ನಿಶಾಮಕ ದಳದೊಂದಿಗೆ ಅಭ್ಯಾಸ. ಪಂಚಾಯಿತಿ, ಗ್ರಾಮ ಅರಣ್ಯ ಸಮಿತಿ, ಸಹಕಾರಿ ಸಂಘ – ಯಾವುದಾದರೊಂದು ಮುಂದಾದರೆ ಸಾಕು.

ಇನ್ನೊಂದು ಮಾತು. ಕಣಿವೆಗಿಳಿಯುವವನಿಗೆ ವಿಮೆ ಇರಲೇಬೇಕು. ಅವನ ದಾರಿ ಕಾಯುವ ಮನೆಯೂ ಒಂದಿದೆ.