ಟ್ರೋಫಿ ಯಾರ ಹೆಸರಿಗೆ?

ಶಿಡ್ಲಘಟ್ಟದಲ್ಲೋ ಚಿಂತಾಮಣಿಯಲ್ಲೋ ಪಿಯುಸಿ ಮುಗಿಸಿದ ಒಬ್ಬ ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಹುಡುಗನಿದ್ದಾನೆ ಎಂದುಕೊಳ್ಳಿ. ಯಾವ ಕಾಲೇಜು ಸೇರಲಿ ಎಂದು ಕೇಳಿದರೆ ಅವನ ಪಿ.ಟಿ. ಮೇಷ್ಟ್ರು ಕಟ್ಟಡ, ಲ್ಯಾಬುಗಳ ಮಾತೆತ್ತುವುದಿಲ್ಲ. ಹೋದ ವರ್ಷ ವಿಶ್ವವಿದ್ಯಾಲಯಗಳ ಸೌತ್ ಝೋನ್ ಪಂದ್ಯದಲ್ಲಿ ಯಾರು ಮೇಲೆ ಬಂದರು ಎಂಬುದನ್ನೇ ನೋಡುತ್ತಾರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರ್ ಕೂಡ ಹಾಗೆಯೇ, ಹಿಂದಿನ ಬೆಳೆಯಲ್ಲಿ ಒಳ್ಳೆ ನೂಲು ಬಿಟ್ಟ ರೈತನ ಗೂಡಿನತ್ತ ಮೊದಲು ನಡೆಯುತ್ತಾನೆ. ಗೆಲುವು ಆಟಗಾರರನ್ನು ಸೆಳೆಯುತ್ತದೆ ಎಂಬುದರಲ್ಲಿ ಹೊಸತೇನೂ ಇಲ್ಲ. ಆ ಗೆಲುವು ಯಾರ ಹೆಸರಿಗೆ ಜಮೆಯಾಗುತ್ತದೆ ಎಂಬಲ್ಲಿ ಕಥೆ ಶುರುವಾಗುತ್ತದೆ.

ಅಮೆರಿಕದಲ್ಲಿ ಇದಕ್ಕೆ ಗೊಂದಲವಿಲ್ಲ. ಅಲ್ಲಿ ಕಾಲೇಜೇ ತಂಡ, ತಂಡವೇ ಕಾಲೇಜು. ಋತುವಿನ ಪಂದ್ಯಗಳೆಲ್ಲ ಮುಗಿದ ಮೇಲೆ ಮಾರ್ಚ್-ಏಪ್ರಿಲ್‌ನಲ್ಲಿ ಕಾಲೇಜು ಕ್ರೀಡೆಯ ಸಂಸ್ಥೆ ಎನ್‌ಸಿಎಎಯ ಬ್ಯಾಸ್ಕೆಟ್‌ಬಾಲ್ ಟೂರ್ನಿ ನಡೆಯುತ್ತದೆ. 1939ರಲ್ಲಿ 8 ತಂಡಗಳಿಂದ ಶುರುವಾದ ಅದರಲ್ಲಿ ಪುರುಷರ ವಿಭಾಗದಲ್ಲೇ 68 ತಂಡಗಳು ಆಡುವಂತಾಯಿತು. ಸೋತವರು ಅಲ್ಲಿಗೇ ಮನೆಗೆ. ಸ್ಪೋಕೇನ್ ಎಂಬ ಊರಿನ ಗೊನ್ಜಾಗಾ ಒಂದು ಸಣ್ಣ ಕ್ರೈಸ್ತ ವಿಶ್ವವಿದ್ಯಾಲಯ. 1999ರ ಟೂರ್ನಿಯಲ್ಲಿ ಅದು ಕೊನೆಯ ಎಂಟರ ಘಟ್ಟ ತಲುಪಿದಾಗ ದೇಶವೇ ಟಿ.ವಿ.ಯಲ್ಲಿ ಆ ಹೆಸರನ್ನು ಕಂಡಿತು. ಆಮೇಲೆ ಕೋಚ್ ಆದ ಮಾರ್ಕ್ ಫ್ಯೂ ಬೇರೆಡೆಗೆ ಹೋಗದೆ ಅಲ್ಲೇ ಉಳಿದರು. ಜಪಾನಿನ ರುಯಿ ಹಚಿಮುರಾ, ಲಿಥುವೇನಿಯಾದ ಡೊಮಾಂಟಸ್ ಸಬೋನಿಸ್‌ರಂಥವರು ಆ ಊರು ಹುಡುಕಿಕೊಂಡು ಬಂದರು. 2017 ಮತ್ತು 2021ರಲ್ಲಿ ತಂಡ ಫೈನಲ್ ಆಡಿತು. ಒಂದು ಗೆಲುವು ಆಟಗಾರನನ್ನು ತಂದಿತು, ಆ ಆಟಗಾರ ಇನ್ನೊಂದು ಗೆಲುವು ತಂದ.

ನಮ್ಮ ಏಣಿಯೇ ಬೇರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪದವಿ ಕಾಲೇಜುಗಳು ಕೋಲಾರದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು. ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿಯಂಥ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಟಿಯುಗೆ. ಮೊದಲು ಅಂತರ ಕಾಲೇಜು ಪಂದ್ಯ. ಅಲ್ಲಿ ಮಿಂಚಿದವರನ್ನು ಆಯ್ದು ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ಆ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ವಲಯ ಪಂದ್ಯಕ್ಕೆ, ಅಲ್ಲಿಂದ ಅಖಿಲ ಭಾರತ ಅಂತರ ವಲಯಕ್ಕೆ, ಅದೃಷ್ಟವಿದ್ದರೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೋಗುತ್ತದೆ. ಎರಡನೇ ಮೆಟ್ಟಿಲಲ್ಲೇ ಕಾಲೇಜಿನ ಹೆಸರು ಬಿದ್ದುಹೋಗುವುದನ್ನು ಗಮನಿಸಿ. ಗೌರಿಬಿದನೂರಿನ ಹುಡುಗ ವಲಯದಲ್ಲಿ 30 ಪಾಯಿಂಟ್ ಹಾಕಿದರೂ ಅಂಗಿಯ ಮೇಲಿರುವುದು ವಿಶ್ವವಿದ್ಯಾಲಯದ ಹೆಸರು. ಅವನನ್ನು ಬೆಳೆಸಿದ ಕಾಲೇಜಿಗೆ ಮರುವರ್ಷ ಇನ್ನೊಬ್ಬ ಹುಡುಗ ಬರಬೇಕಾದರೆ ಆ ಸುದ್ದಿ ಬಾಯಿಂದ ಬಾಯಿಗೇ ದಾಟಬೇಕು.

ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಈ ತೊಡಕಿಲ್ಲ. ಬೆಂಗಳೂರಿನ ಜೈನ್, ಚೆನ್ನೈ ಬಳಿಯ ಎಸ್‌ಆರ್‌ಎಂ ಇವಕ್ಕೆಲ್ಲ ಅಂಗಿಯ ಮೇಲಿನ ಹೆಸರೂ ಅರ್ಜಿ ಫಾರಂ ಮೇಲಿನ ಹೆಸರೂ ಒಂದೇ. 2022ರ ಏಪ್ರಿಲ್-ಮೇನಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಆತಿಥ್ಯ ವಹಿಸಿದ್ದು ಜೈನ್, 20 ಚಿನ್ನ ಗೆದ್ದು ಸಮಗ್ರ ಪ್ರಶಸ್ತಿ ಎತ್ತಿದ್ದೂ ಜೈನ್. ಅದಕ್ಕಿಂತ ದೊಡ್ಡ ಜಾಹೀರಾತು ಯಾವ ಹೋರ್ಡಿಂಗ್‌ನಿಂದಲೂ ಸಿಗದು.

ಹಾಗಾದರೆ ಸಂಯೋಜಿತ ಕಾಲೇಜಿಗೆ ದಾರಿಯೇ ಇಲ್ಲವೇ? ಇದೆ ಎಂದು ತೋರಿಸಿದ್ದು ಮೂಡುಬಿದಿರೆಯ ಆಳ್ವಾಸ್. ಡಾ. ಎಂ. ಮೋಹನ ಆಳ್ವರ ಸಂಸ್ಥೆ ಕ್ರೀಡಾ ದತ್ತು ಯೋಜನೆಯಡಿ ಆಯ್ದ ಕ್ರೀಡಾಪಟುಗಳಿಗೆ ಶಿಕ್ಷಣ, ಊಟ, ವಸತಿಯನ್ನು ಉಚಿತವಾಗಿ ಕೊಟ್ಟಿತು. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಆಳ್ವಾಸ್ ಸೇರಿದ್ದ ಮಂಗಳೂರು ವಿಶ್ವವಿದ್ಯಾಲಯ ಮತ್ತೆ ಮತ್ತೆ ಗೆದ್ದಿತು. ಪದಕ ವಿಶ್ವವಿದ್ಯಾಲಯದ್ದಾದರೂ ಓಡಿದವರಲ್ಲಿ ಹೆಚ್ಚಿನವರು ಎಲ್ಲಿಯವರೆಂದು ಕ್ರೀಡಾಲೋಕಕ್ಕೆಲ್ಲ ತಿಳಿದಿತ್ತು. ಮೂಡುಬಿದಿರೆಯ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಆ ಕೂಟವನ್ನೇ ನಡೆಸಿದಾಗ ದೇಶದ ನಾನಾ ಕಡೆಯ ಓಟಗಾರರು ಆ ಹಾಸ್ಟೆಲ್, ಆ ಊಟ, ಆ ಟ್ರ್ಯಾಕನ್ನು ಕಣ್ಣಾರೆ ಕಂಡು ಹೋದರು. ಇದು ಬ್ಯಾಸ್ಕೆಟ್‌ಬಾಲ್ ಅಲ್ಲ, ಒಪ್ಪುತ್ತೇನೆ. ಆದರೆ ಗೆಲುವಿಗೆ ಮುಂಚೆಯೇ ಊಟ-ವಸತಿಯ ಏರ್ಪಾಡು ಇತ್ತು ಎಂಬುದೇ ಇಲ್ಲಿ ಮುಖ್ಯ.

ಗೆದ್ದವರನ್ನು ಉಳಿಸಿಕೊಳ್ಳುವ ಏರ್ಪಾಡಿಲ್ಲದಿದ್ದರೆ ಏನಾಗುತ್ತದೆ? 2022ರ ಎನ್‌ಸಿಎಎ ಟೂರ್ನಿಯಲ್ಲಿ ಜೆರ್ಸಿ ಸಿಟಿಯ ಸೇಂಟ್ ಪೀಟರ್ಸ್ ಎಂಬ ಪುಟ್ಟ ವಿಶ್ವವಿದ್ಯಾಲಯ 15ನೇ ಶ್ರೇಯಾಂಕದಿಂದ ಹೊರಟು ಬಲಾಢ್ಯ ಕೆಂಟಕಿಯನ್ನು ಮಣಿಸಿ ಕೊನೆಯ ಎಂಟಕ್ಕೆ ಬಂತು. ಆ ಶ್ರೇಯಾಂಕದ ತಂಡವೊಂದು ಅಷ್ಟು ದೂರ ಹೋದದ್ದು ಅದೇ ಮೊದಲು. ತಂಡ ಸೋತು ಹೊರಬಿದ್ದ ಕೆಲವೇ ದಿನಗಳಲ್ಲಿ ಕೋಚ್ ಶಹೀನ್ ಹಾಲೋವೇ ಸೀಟನ್ ಹಾಲ್‌ಗೆ ಹೊರಟರು. ಮುಖ್ಯ ಆಟಗಾರರಲ್ಲಿ ಬಹುತೇಕರು ಬೇರೆ ಬೇರೆ ಕಾಲೇಜು ಹಿಡಿದರು. ಗೆಲುವು ಆಟಗಾರರನ್ನು ಕರೆತರುವ ಬದಲು ಇದ್ದವರನ್ನೇ ಹರಾಜಿಗಿಟ್ಟಿತು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕಷ್ಟ ಅದಕ್ಕೂ ಮುಂಚಿನದು. ಇಲ್ಲಿನ ಮಕ್ಕಳು ಗೆಲ್ಲುವ ಮೊದಲೇ ಹೊರಟುಹೋಗುತ್ತಾರೆ. ಓದಿಗಾಗಿ ಊರು ಬಿಡುವುದು ಇಲ್ಲಿ ಹಳೆಯ ರೂಢಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು 1935ರಲ್ಲಿ ಬೆಂಗಳೂರಿಗೆ ನಡೆದೇ ಹೋಗಿದ್ದರು. ಈಗ ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿದರೆ ಬೆಂಗಳೂರು ತಲುಪುವ ಮೊದಲೇ ಕ್ರೀಡಾ ಇಲಾಖೆಯ ವಿದ್ಯಾನಗರ ಕ್ರೀಡಾಶಾಲೆ ಸಿಗುತ್ತದೆ. ಎತ್ತರದ ಮಕ್ಕಳು ಶಾಲಾ ದಿನಗಳಲ್ಲೇ ಅತ್ತ ಸಾಗಿದರೆ ಊರಿನ ಕಾಲೇಜಿಗೆ ಉಳಿಯುವುದು ಅಂಗಳ ಮಾತ್ರ. ಇದಕ್ಕೆ ಮಕ್ಕಳನ್ನು ದೂರುವುದು ತಪ್ಪು. ಸಂಜೆ ಆರಕ್ಕೆ ಅಂಗಳದ ದೀಪ ಹಾಕಲಾರದ ಕಾಲೇಜು ಟ್ರೋಫಿಯ ಮಾತಾಡಬಾರದು.

ಮನೆಯಲ್ಲಿ ಆಡುವ ಮಗನೋ ಮಗಳೋ ಇದ್ದರೆ, ಫಾರಂ ತುಂಬುವ ಮೊದಲು ಕಪಾಟಿನ ಟ್ರೋಫಿ ನೋಡಿ, ಬೇಡವೆನ್ನುವುದಿಲ್ಲ. ಜೊತೆಗೆ ಮೂರು ಮಾತು ಕೇಳಿ. ಅದನ್ನು ಗೆಲ್ಲಿಸಿದ ಕೋಚ್ ಇನ್ನೂ ಇದ್ದಾರೆಯೇ? ಶುಲ್ಕ ಮತ್ತು ಹಾಸ್ಟೆಲ್ ರಿಯಾಯಿತಿಯನ್ನು ಬರವಣಿಗೆಯಲ್ಲಿ ಕೊಡುತ್ತಾರೆಯೇ? ಮಂಡಿ ಮುರಿದುಕೊಂಡರೂ ಆ ರಿಯಾಯಿತಿ ಪದವಿ ಮುಗಿಯುವವರೆಗೆ ಇರುತ್ತದೆಯೇ? ಮೂರನೆಯದಕ್ಕೆ ತಡವರಿಸಿದರೆ ಬೇರೆ ಕಾಲೇಜು ನೋಡಿ.