ಅಂಗಳದಲ್ಲಿ ಅರಳುವ ಕೌದಿ

ಉತ್ತರ ಕನ್ನಡದ ಕಾಡಂಚಿನ ಸಿದ್ದಿ ಕೇರಿಗಳಲ್ಲಿ ವಸಂತವೆಂದರೆ ಹೆಂಗಸರ ಕೈಗೆ ಸೂಜಿ ಬರುವ ಕಾಲ

ಮುಂಡಗೋಡದಿಂದ ಯಲ್ಲಾಪುರದ ದಾರಿ ಹಿಡಿದರೆ ಫಾಲ್ಗುಣ ಮಾಸದ ಕಾಡಿನಲ್ಲಿ ಕಣ್ಣಿಗೆ ಬೀಳುವುದು ಎರಡೇ ಬಣ್ಣ. ಎಲೆ ಉದುರಿಸಿ ನಿಂತ ಸಾಗವಾನಿಯದು ಬೂದು, ನಡುನಡುವೆ ಅರಳಿದ ಮುತ್ತುಗದ್ದು ಕೆಂಪು. ಗುಂಜಾವತಿ, ಮೈನಳ್ಳಿಯ ಕಡೆ ಒಳದಾರಿಗೆ ತಿರುಗಿ ಯಾವುದಾದರೂ ಸಿದ್ದಿ ಮನೆಯ ಅಂಗಳ ಸೇರಿದರೆ ಬಣ್ಣಗಳ ಲೆಕ್ಕವೇ ತಪ್ಪುತ್ತದೆ. ಬೇಲಿಯ ಮೇಲೆ, ತಂತಿಯ ಮೇಲೆ, ಜಗಲಿಕಟ್ಟೆಯ ಮೇಲೆ ಕೌದಿಗಳು ಬಿಸಿಲಿಗೆ ಬಿದ್ದಿರುತ್ತವೆ. ಶಾಲೆಯ ಸಮವಸ್ತ್ರದ ನೀಲಿ, ಹಳೆಯ ಲುಂಗಿಯ ಚೌಕುಳಿ, ಮದುವೆಗೆ ಉಟ್ಟು ಮಾಸಿದ ಸೀರೆಯ ಹಳದಿ, ಕುಪ್ಪಸದ ಕಡುಗೆಂಪು ಎಲ್ಲ ಒಂದರ ಪಕ್ಕ ಒಂದು ಕೂತು ಸಾವಿರಾರು ಬಿಳಿ ಹೊಲಿಗೆಗಳಿಂದ ಒಂದಾಗಿವೆ. ಸಿದ್ದಿಯರು ಇದನ್ನು ಕವಂದಿ ಎನ್ನುತ್ತಾರೆ. ಬಯಲುಸೀಮೆಯವರಿಗೆ ಇದು ಕೌದಿ.

ಈ ಊರುಗಳು ಸುದ್ದಿಯಾಗುವುದು ಹೆಚ್ಚಾಗಿ ಸಿದ್ದಿಯರ ದಮಾಮಿ ಕುಣಿತದಿಂದ, ಇಲ್ಲವೇ ಅವರ ಆಫ್ರಿಕಾ ಮೂಲದ ಕುತೂಹಲದಿಂದ. ಕೌದಿಯನ್ನು ನೋಡಬೇಕಾದರೆ ಇಲ್ಲಿಗೆ ವಸಂತದಲ್ಲೇ ಬರಬೇಕು, ಮೆರವಣಿಗೆ ಇಲ್ಲದ ದಿನ ಬರಬೇಕು, ಅಂಗಳದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು.

ಕಾಡು ಸೇರಿದವರು

ಹದಿನಾರನೇ ಶತಮಾನದಿಂದೀಚೆಗೆ ಪೋರ್ಚುಗೀಸರು ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಹಾಗೆ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ದಖ್ಖನಿನ ಸುಲ್ತಾನರ ಸೇನೆಗಳಲ್ಲಿಯೂ ಆಫ್ರಿಕಾ ಮೂಲದ ಸೈನಿಕರಿದ್ದರು, ದಳಪತಿಗಳಿದ್ದರು. ಅಹಮದ್‌ನಗರದ ಮಲಿಕ್ ಅಂಬರ್ ಅವರಲ್ಲಿ ಹೆಸರಾದವನು. ಕರ್ನಾಟಕದ ಇಂದಿನ ಸಿದ್ದಿಯರು ಮುಖ್ಯವಾಗಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ಸೀಮೆಯಲ್ಲೂ ಬೆಳಗಾವಿ, ಧಾರವಾಡ ಜಿಲ್ಲೆಗಳ ಕಾಡಂಚಿನಲ್ಲೂ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಪೇಟೆಯಲ್ಲಿ ಕನ್ನಡ, ಕೆಲವೆಡೆ ಮರಾಠಿ, ಉರ್ದು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. 2020ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳವರೂ ಸೇರಿದರು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಈ ಸಮುದಾಯದಿಂದ ರಾಜ್ಯದ ಶಾಸಕಾಂಗಕ್ಕೆ ಕಾಲಿಟ್ಟ ಮೊದಲಿಗರಾದರು.

ಮೂರು ಧರ್ಮದ ಮನೆಗಳಲ್ಲೂ ಕೌದಿ ಹೊಲಿಯುವ ರೀತಿ ಒಂದೇ. ಕ್ರೈಸ್ತರ ಮನೆಯ ಕೌದಿಯಲ್ಲಿ ಕೆಲವೊಮ್ಮೆ ಶಿಲುಬೆಯ ಆಕಾರದ ತುಂಡು ಕಾಣುತ್ತದೆ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ. ಉಳಿದಂತೆ ಯಾವ ಕೌದಿ ಯಾವ ಮನೆಯದೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕೇರಿಯವರಿಗೆ ಮಾತ್ರ ಹೊಲಿಗೆ ನೋಡಿದರೇ ಯಾರ ಕೈಯೆಂದು ತಿಳಿಯುತ್ತದೆ.

ಎರಡು ಕೆಲಸಗಳ ನಡುವಿನ ಬಿಡುವು

ವರ್ಷದ ದುಡಿಮೆ ಹೇಗೆ ಹಂಚಿಕೆಯಾಗಿದೆ ಎಂದು ನೋಡಿದರೆ ವಸಂತವೇ ಏಕೆ ಎನ್ನುವುದು ತಿಳಿಯುತ್ತದೆ. ಮಳೆಗಾಲದಲ್ಲಿ ಗದ್ದೆ ನಾಟಿ, ಕಳೆ. ದೀಪಾವಳಿಯ ಆಚೀಚೆ ಭತ್ತದ ಕೊಯ್ಲು. ಅದರ ಬೆನ್ನಿಗೇ ಯಲ್ಲಾಪುರ, ಶಿರಸಿ ಕಡೆಯ ತೋಟಗಳಲ್ಲಿ ಅಡಿಕೆ ಕೊಯ್ಲು. ಸಿದ್ದಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೆ ಅಡಿಕೆ ಸುಲಿಯುತ್ತಾರೆ. ಮಾಘ ಕಳೆಯುವಾಗ ತೋಟಕ್ಕೆ ಹಾಕಲು ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕೂಲಿ. ಇದೆಲ್ಲ ಮುಗಿದು ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಕೈ ಸ್ವಲ್ಪ ಖಾಲಿ. ಆ ಕೆಲವು ವಾರಗಳು ಕೌದಿಗೆ.

ಬಿಸಿಲೂ ಬೇಕೇಬೇಕು. ನಾಲ್ಕೈದು ಪದರದ ಕೌದಿಯನ್ನು ತೊಳೆದರೆ ನೀರು ಹೀರಿ ಇಬ್ಬರು ಎತ್ತುವಷ್ಟು ಭಾರವಾಗುತ್ತದೆ. ಮಳೆಗಾಲದಲ್ಲಿ ಅದು ಒಣಗುವ ಮಾತೇ ಇಲ್ಲ. ಆದ್ದರಿಂದ ಹಳ್ಳದಲ್ಲಿ ಇನ್ನೂ ನೀರಿರುವಾಗಲೇ ಚಳಿಗಾಲದ ಕೌದಿಗಳನ್ನೆಲ್ಲ ಹೊತ್ತೊಯ್ದು, ಬಂಡೆಗೆ ಬಡಿದು ಒಗೆದು, ಒಣಗಿಸಿ, ಯಾವುದು ಇನ್ನೊಂದು ವರ್ಷ ಬಾಳುತ್ತದೆ, ಯಾವುದಕ್ಕೆ ತೇಪೆ ಬೇಕು, ಯಾವುದನ್ನು ಹೊಸ ಕೌದಿಯ ಒಳಪದರವಾಗಿಸಬೇಕು ಎಂದು ನೋಡುತ್ತಾರೆ. ಅಂಟುವಾಳದ ಕಾಯಿ ಬಲಿತು ಉದುರುವುದೂ ಇದೇ ಹೊತ್ತಿಗೆ. ಒಳ್ಳೆಯವನ್ನು ಮಾರಲು ಎತ್ತಿಟ್ಟರೂ ಒಂದು ಹಿಡಿ ಬಟ್ಟೆಯ ನೊರೆಗೆ ಸಲ್ಲುತ್ತದೆ. ಆಷಾಢದಲ್ಲಿ ಹೆಂಚಿನ ಸಂದಿಯಿಂದ ತಂಡಿ ಇಳಿಯುವಾಗ ಮನೆಯವರೆಲ್ಲ ಬೆಚ್ಚಗೆ ಮಲಗಬೇಕಾದರೆ ಅದರ ಕೆಲಸ ಚೈತ್ರದಲ್ಲೇ ಮುಗಿದಿರಬೇಕು.

ಅಂಚಿನಿಂದ ನಡುವಿಗೆ

ಹೊಲಿಯುವಾಕೆ ಮೊದಲು ಒಂದು ಹಳೆಯ ಸೀರೆಯನ್ನು ಬೇಕಾದ ಅಳತೆಗೆ ಮಡಿಸಿ ನೆಲಕ್ಕೆ ಹಾಸುತ್ತಾಳೆ. ಅದು ಕೌದಿಯ ತಳ. ಅಳತೆ ನಿಗದಿಯಾಗುವುದು ಅದರ ಮೇಲೆ ಎಷ್ಟು ಜನ ಮಲಗುತ್ತಾರೆ ಎನ್ನುವುದರಿಂದ. ಕೂಸಿಗೊಂದು ಅಳತೆ, ಒಬ್ಬರಿಗೊಂದು, ಗಂಡಹೆಂಡತಿಗೊಂದು, ಮಕ್ಕಳೆಲ್ಲ ಸಾಲಾಗಿ ಮಲಗಲು ಇನ್ನೊಂದು. ಬಳಿಕ ಒಂದು ಮೂಲೆಯಲ್ಲಿ ಮೊದಲ ತುಂಡು ಇಟ್ಟು, ಅದರ ಅಂಚನ್ನು ಎಡಗೈ ಹೆಬ್ಬೆರಳಿನಿಂದ ಒಳಕ್ಕೆ ಮಡಚಿ ದಪ್ಪ ಹತ್ತಿಯ ದಾರದಲ್ಲಿ ಓಡುಹೊಲಿಗೆ ಹಾಕುತ್ತಾಳೆ. ಪಕ್ಕದ ತುಂಡು ಮೊದಲನೆಯದರ ಅಂಚನ್ನು ಸ್ವಲ್ಪ ತುಳಿದು ಕೂರುತ್ತದೆ. ಹೀಗೆ ನಾಲ್ಕೂ ಅಂಚು ಸುತ್ತಿ ಬಂದ ಹೊಲಿಗೆ ಒಳಸುತ್ತಿಗೆ ತಿರುಗುತ್ತದೆ, ಮತ್ತೆ ಇನ್ನೊಂದು ಸುತ್ತು ಒಳಕ್ಕೆ. ಕೊನೆಯ ತುಂಡು ಕೂರುವುದು ನಟ್ಟನಡುವೆ.

ಹೊರಗಿನಿಂದ ಒಳಕ್ಕೆ ಬರುವ ಈ ಕ್ರಮಕ್ಕೆ ಕಾರಣವಿದೆ. ಚೌಕಟ್ಟಿಲ್ಲದೆ, ಮೇಜಿಲ್ಲದೆ, ನೆಲದ ಮೇಲೆ ಕಾಲು ಚಾಚಿ ಕೂತು ಹೊಲಿಯುವಾಗ ಪದರಗಳು ಜಾರುತ್ತವೆ. ಅಂಚು ಮೊದಲು ಬಿಗಿಯಾದರೆ ಅಳತೆ ಕೆಡುವುದಿಲ್ಲ. ಒಳಕ್ಕೆ ಬಂದಂತೆ ಸಡಿಲಾದ ಬಟ್ಟೆಯೆಲ್ಲ ನಡುವಿಗೆ ಸರಿದು ಉಬ್ಬುವ ಅಪಾಯವಿರುತ್ತದೆ. ಅದನ್ನು ಅಂಗೈಯಿಂದ ಸವರಿ ಸವರಿ ಹತೋಟಿಯಲ್ಲಿ ಇಡುವುದೇ ಪಳಗಿದ ಕೈಯ ಲಕ್ಷಣ. ಕೌದಿಯನ್ನು ಮಗುಚಿ ಹಾಕಿದರೆ ಈ ಕೈಚಳಕ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬಣ್ಣದ ಗಲಾಟೆಯಿಲ್ಲದ ಸೀರೆಯ ಹಿಂಬದಿಯಲ್ಲಿ ಹೊಲಿಗೆಯ ಸಾಲುಗಳು ಚೌಕದೊಳಗೆ ಚೌಕವಾಗಿ ಕಿರಿದಾಗುತ್ತ ಹೋಗುತ್ತವೆ, ಬಾವಿಯೊಳಗೆ ಇಳಿಯುವ ಮೆಟ್ಟಿಲುಗಳ ಹಾಗೆ.

ಹೊಲಿಗೆ ಒತ್ತಾಗಿರುವುದು ಬರೀ ಚಂದಕ್ಕಲ್ಲ. ಸವೆದ ಬಟ್ಟೆಗೆ ತನ್ನಷ್ಟಕ್ಕೆ ಬಲವಿಲ್ಲ. ಸಾಲುಸಾಲು ದಾರವೇ ಅದನ್ನು ಹಿಡಿದಿಡುತ್ತದೆ. ಒಂದು ತುಂಡು ಹರಿದರೂ ಸುತ್ತಲಿನವು ಬಿಡುವುದಿಲ್ಲ. ಹರಿದಲ್ಲಿ ಮೇಲೊಂದು ತುಂಡು ಹೊಲಿದರಾಯಿತು. ಹೀಗೆ ಕೌದಿ ವರ್ಷ ಕಳೆದಂತೆ ದಪ್ಪವಾಗುತ್ತ, ಭಾರವಾಗುತ್ತ ಹೋಗುತ್ತದೆ. ಧಾರವಾಡ, ಬೆಳಗಾವಿ ಸೀಮೆಯ ಮನೆಗಳ ಕೌದಿಗೂ ಗಡಿಯಾಚೆಯ ಮಹಾರಾಷ್ಟ್ರದ ಗೋಧಡಿಗೂ ಇದರೊಂದಿಗೆ ನಂಟಿದೆ. ಆದರೆ ಸಿದ್ದಿಯರ ಕೌದಿಯಲ್ಲಿ ಮುಂಚೆಯೇ ಬರೆದಿಟ್ಟ ನಕ್ಷೆ ಇರುವುದಿಲ್ಲ. ಮುಂದಿನ ತುಂಡು ಯಾವುದೆಂದು ಗೊತ್ತಾಗುವುದು ಈ ತುಂಡು ಹೊಲಿದ ಮೇಲೆ.

ಕೊನೆಗೆ ಉಳಿಯುವುದು ಮೂಲೆಗಳ ಕೆಲಸ. ಬಣ್ಣದ ತುಂಡುಗಳನ್ನು ತ್ರಿಕೋನವಾಗಿ ಮಡಚಿ, ಒಂದರೊಳಗೊಂದು ಸೇರಿಸಿ ನಾಲ್ಕು ಮೂಲೆಗೂ ಹೊಲಿಯುತ್ತಾರೆ. ಇದಕ್ಕೆ ಫೂಲ ಎಂದು ಹೆಸರು. ಅದರಿಂದ ಕೌದಿಯ ಬಿಸುಪು ಹೆಚ್ಚುವುದಿಲ್ಲ, ಬಾಳಿಕೆಯೂ ಹೆಚ್ಚುವುದಿಲ್ಲ. ಆದರೂ ಫೂಲ ಇಲ್ಲದ ಕೌದಿ ಸಿದ್ದಿ ಹೆಂಗಸರ ಕಣ್ಣಿಗೆ ಬೆತ್ತಲೆ.

ಒಂದು ದಿನದ ಸುಖಗಳು

ಬೆಳಗ್ಗೆ ಒಲೆ, ಕೊಟ್ಟಿಗೆ, ನೀರು, ಗಂಜಿ ಮುಗಿಯುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಊಟದ ಪಾತ್ರೆ ತೊಳೆದಿಟ್ಟ ಮೇಲೆ ಮರದ ನೆರಳು ಅಂಗಳಕ್ಕೆ ಚಾಚುವಾಗ ಸುತ್ತಿಟ್ಟ ಕೌದಿ ಬಿಚ್ಚಿಕೊಳ್ಳುತ್ತದೆ. ಪಕ್ಕದ ಮನೆಯವಳು ತನ್ನ ಬಟ್ಟೆಗಂಟಿನೊಂದಿಗೆ ಬರುತ್ತಾಳೆ. ಕಣ್ಣು ಮಂಜಾದ ಅಜ್ಜಿಗೆ ಮೊಮ್ಮಗಳು ಸೂಜಿಗೆ ದಾರ ಪೋಣಿಸಿ ಕೊಡುತ್ತಾಳೆ. ಅಲ್ಲಿಂದಲೇ ಆ ಹುಡುಗಿಯ ಕಲಿಕೆ ಶುರು. ಮೊದಲು ದಾರ, ಆಮೇಲೆ ಹಳೆಯ ಅಂಗಿಯಿಂದ ಗುಂಡಿ ಬಿಚ್ಚುವುದು, ಆಮೇಲೆ ಬಟ್ಟೆ ಹರಿಯುವುದು. ಹತ್ತಿಯ ಬಟ್ಟೆಗೆ ತುದಿಯಲ್ಲಿ ಚೂರು ಕತ್ತರಿ ಸೋಕಿಸಿ ಎಳೆದರೆ ಪರ್ರನೆ ನೇರವಾಗಿ ಸೀಳುತ್ತದೆ. ಆ ಸದ್ದು ಮಕ್ಕಳಿಗೆ ಅಚ್ಚುಮೆಚ್ಚು.

ಗಂಟು ಬಿಚ್ಚಿದರೆ ಮಾತೂ ಬಿಚ್ಚುತ್ತದೆ. ಈ ತುಂಡು ಯಾರ ಸೀರೆಯದು, ಅದನ್ನು ಯಾವ ಜಾತ್ರೆಯಲ್ಲಿ ಕೊಂಡದ್ದು, ಈ ಅಂಗಿ ಹಾಕಿಕೊಂಡಿದ್ದ ಹುಡುಗ ಈಗ ಎಲ್ಲಿ ಕೆಲಸಕ್ಕಿದ್ದಾನೆ ಎಂಬ ಸುದ್ದಿಯೆಲ್ಲ ಬರುತ್ತದೆ. ಬಾಣಂತಿಯಾಗಲಿರುವ ಮಗಳಿದ್ದರೆ ಅತ್ಯಂತ ಮೆತ್ತನೆಯ ತುಂಡುಗಳನ್ನು ಬೇರೆಯಾಗಿ ಎತ್ತಿಡುತ್ತಾರೆ. ಕೂಸಿನ ಕೌದಿಗೆ ಪುಟ್ಟಪುಟ್ಟ ಬಣ್ಣದ ಚೂರುಗಳೇ ಹೆಚ್ಚು, ಏಕೆಂದರೆ ಮಲಗಿದ ಮಗುವಿನ ಕಣ್ಣಿಗೆ ನೋಡಲು ಏನಾದರೂ ಬೇಕು.

ನಡುವೆ ಬಾಯಿಗೂ ಕೆಲಸ ಉಂಟು. ಚೈತ್ರದಲ್ಲಿ ಗೇರುಹಣ್ಣು, ಉಪ್ಪುಖಾರ ಹಚ್ಚಿದ ಎಳೆಮಾವು, ಹಲಸಿನ ಎಳೆಗುಜ್ಜೆಯ ಪಲ್ಯ. ವೈಶಾಖ ಹತ್ತಿರ ಬಂದರೆ ಕಾಡಿನ ಕವಳಿಹಣ್ಣು, ಮುರುಗಲ ಹಣ್ಣಿನ ಪಾನಕ, ಗಂಡಸರು ಮರವೇರಿ ತಂದ ಜೇನು. ಸುಗ್ಗಿಯ ಹೋಳಿ, ಹಿಂದೂ ಮನೆಗಳ ಯುಗಾದಿ, ಕ್ರೈಸ್ತ ಮನೆಗಳ ಈಸ್ಟರ್ ಎಲ್ಲ ಇದೇ ವಾರಗಳಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಹಬ್ಬದ ದಿನ ಸೂಜಿಗೆ ರಜೆ. ಹೊಸ ಬಟ್ಟೆ ಮನೆಗೆ ಬಂದರೆ ಹಳೆಯದೊಂದು ಗಂಟಿಗೆ ಸೇರುತ್ತದೆ.

ಇವೆಲ್ಲ ಸಣ್ಣ ಸುಖಗಳು. ಆದರೆ ಇವುಗಳ ಹಿಂದೆ ಒಂದು ದೊಡ್ಡ ಸುಖವಿದೆ ಎಂದು ನನ್ನ ನಂಬಿಕೆ. ವರ್ಷದ ಬಹುಪಾಲು ಈ ಹೆಂಗಸರ ಕೈ ದುಡಿಯುವುದು ಇನ್ನೊಬ್ಬರ ಗದ್ದೆಯಲ್ಲಿ, ಇನ್ನೊಬ್ಬರ ತೋಟದಲ್ಲಿ, ಇನ್ನೊಬ್ಬರು ಹೇಳಿದ ಹೊತ್ತಿಗೆ. ಯಾವ ಅಡಿಕೆ ಮೊದಲು ಸುಲಿಯಬೇಕು, ಯಾವ ಬೆಟ್ಟದಲ್ಲಿ ದರಕು ಗುಡಿಸಬೇಕು ಎಂದು ತೀರ್ಮಾನಿಸುವವರು ಅವರಲ್ಲ. ಕೌದಿಯ ಮುಂದೆ ಕೂತಾಗ ಮಾತ್ರ ಕೆಂಪಿನ ಪಕ್ಕ ಹಸಿರು ಬರಬೇಕೋ ಕಪ್ಪು ಬರಬೇಕೋ ಎನ್ನುವುದು ಹೊಲಿಯುವಾಕೆಯದೇ ತೀರ್ಮಾನ. ಯಾರೂ ಲೆಕ್ಕ ಕೇಳುವುದಿಲ್ಲ, ಯಾರೂ ಅವಸರ ಮಾಡುವುದಿಲ್ಲ. ಬೇಡವೆನಿಸಿದರೆ ಬಿಚ್ಚಬಹುದು. ಸಾಕೆನಿಸಿದರೆ ಸುತ್ತಿಟ್ಟು ನಾಳೆ ಮುಂದುವರಿಸಬಹುದು. ಇಲ್ಲಿನ ಕೌದಿಗಳಲ್ಲಿ ಬಣ್ಣ ಇಷ್ಟು ಧೈರ್ಯವಾಗಿ ಮಾತಾಡುವುದಕ್ಕೆ ಇದೇ ಕಾರಣ.

ಗೋಡೆಗೆ ಏರಿದ ಕೌದಿ

ಈ ಧೈರ್ಯವನ್ನು ಹೊರಗಿನವರು ಗುರುತಿಸಿದ್ದು ತಡವಾಗಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ 2004ರ ಸುಮಾರಿಗೆ ಈ ಕೇರಿಗಳಿಗೆ ಬಂದು ಕೌದಿಗಳನ್ನು ದಾಖಲಿಸತೊಡಗಿದರು. ಹೊಲಿಯುವ ಹೆಂಗಸರ ಸಹಕಾರಿ ಕೂಟವೊಂದು ರೂಪುಗೊಂಡಿತು. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊದ ಪ್ರದರ್ಶನಾಲಯಗಳ ಗೋಡೆಗಳ ಮೇಲೆ ಮುಂಡಗೋಡ, ಹಳಿಯಾಳ ಸೀಮೆಯ ಕೌದಿಗಳು ತೂಗಿದವು. ಅದುವರೆಗೆ ಮನೆಗಷ್ಟೇ ಹೊಲಿಯುತ್ತಿದ್ದವರಿಗೆ ಇದು ಕೈಗೆ ಹಣ ತರುವ ಕೆಲಸವೂ ಆಯಿತು.

ಮಾರಾಟಕ್ಕೆ ಹೊಲಿಯುವಾಗ ಹೊಸ ಪ್ರಶ್ನೆಗಳೂ ಬಂದವು. ಪೇಟೆಯ ಮಂಚಕ್ಕೆ ಸರಿಹೊಂದುವ ಅಳತೆ, ಪೇಟೆಯ ಗೋಡೆಗೆ ಒಪ್ಪುವ ತಿಳಿಬಣ್ಣ ಬೇಕೆನ್ನುವವರಿದ್ದಾರೆ. ಇನ್ನೊಂದು ಕಡೆ ಒಳ್ಳೆಯ ಹಳೆಬಟ್ಟೆಯೇ ಕಡಿಮೆಯಾಗುತ್ತಿದೆ. ಈಗ ಅಗ್ಗಕ್ಕೆ ಸಿಗುವುದು ಪಾಲಿಸ್ಟರ್ ಸೀರೆ. ಅದು ಕೈಗೆ ಸೀಳುವುದಿಲ್ಲ, ಮಡಚಿದರೆ ನಿಲ್ಲುವುದಿಲ್ಲ, ಬೆವರು ಹೀರುವುದಿಲ್ಲ. ಮೇಲ್ಪದರಕ್ಕೆ ಹೊಳಪಿನ ಸಿಂಥೆಟಿಕ್ ಹಾಕಿದರೂ ಮೈಗೆ ತಾಗುವ ಕಡೆ ಹತ್ತಿಯೇ ಇರಲೆಂದು ತಿಳಿದವರು ಜೋಪಾನ ಮಾಡುತ್ತಾರೆ.

ಹೋಗುವವರಿಗೆ

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಸುಮಾರು 70 ಕಿ.ಮೀ. ಮುಂಡಗೋಡಕ್ಕೂ ಹುಬ್ಬಳ್ಳಿಯಿಂದ ಬಸ್ಸುಗಳಿವೆ. ಮುಂಡಗೋಡದ ಟಿಬೆಟನ್ ಕಾಲೊನಿ, ಯಲ್ಲಾಪುರದ ಮಾಗೋಡು, ಸಾತೊಡ್ಡಿ ಜಲಪಾತಗಳಿಗೆಂದು ಬರುವವರು ಬಹಳ. ಅವರಲ್ಲಿ ಕೆಲವರಾದರೂ ಸಿದ್ದಿ ಕೇರಿಗಳತ್ತ ತಿರುಗಬೇಕು, ಆದರೆ ನೋಡಲು ಬಂದವರಾಗಿ ಅಲ್ಲ, ಗಿರಾಕಿಗಳಾಗಿ. ಕೇಳದೆ ಫೋಟೊ ತೆಗೆಯಬಾರದು. ಮನೆಯಲ್ಲಿ ಅಮ್ಮ, ಅಜ್ಜಿ ಉಟ್ಟ ಹತ್ತಿ ಸೀರೆಗಳಿದ್ದರೆ ತೊಳೆದು ಒಯ್ಯಿರಿ. ಅವನ್ನು ಕೊಟ್ಟು ಕೌದಿ ಹೊಲಿಸಿಕೊಳ್ಳಬಹುದೇ ಎಂದು ಕೇಳಿ. ಬಣ್ಣ ಜೋಡಿಸುವುದನ್ನು ಹೊಲಿಯುವಾಕೆಗೇ ಬಿಡಿ. ಸಮಯ ಕೊಡಿ. ಒಂದು ದೊಡ್ಡ ಕೌದಿಗೆ ಮನೆಗೆಲಸದ ನಡುವೆ ವಾರಗಟ್ಟಲೆ ಹಿಡಿಯುತ್ತದೆ.

ಬೆಲೆಯ ಮಾತು ಬಂದಾಗ ಹಳೆಬಟ್ಟೆಗೆ ಇಷ್ಟೊಂದೇ ಎಂದು ಚೌಕಾಸಿಗೆ ಇಳಿಯುವವರಿದ್ದಾರೆ. ನಾವು ಹಣ ಕೊಡುವುದು ಬಟ್ಟೆಗಲ್ಲ, ಅಷ್ಟು ವಾರಗಳ ಮಧ್ಯಾಹ್ನಗಳಿಗೆ. ವರ್ಷದಲ್ಲಿ ತನ್ನದೆನ್ನಬಹುದಾದ ಸ್ವಲ್ಪ ಹೊತ್ತನ್ನು ಆಕೆ ನಮ್ಮ ಮನೆಯ ಹಾಸಿಗೆಗೆ ಕೊಡುತ್ತಿದ್ದಾಳೆ. ಅಡಿಕೆ ಸುಲಿದ ದಿನಗೂಲಿಗಿಂತ ಅದಕ್ಕೆ ಹೆಚ್ಚು ಬೆಲೆ ಸಿಗಬೇಕು. ಹಾಗೆ ಸಿಕ್ಕರೆ ಸೂಜಿಗೆ ದಾರ ಪೋಣಿಸಿ ಕೊಡುವ ಮೊಮ್ಮಗಳೂ ಮುಂದೊಂದು ದಿನ ತನ್ನದೇ ಕೌದಿಯ ಮೊದಲ ಮೂಲೆಗೆ ಕೈ ಹಾಕುತ್ತಾಳೆ.